ಮನೆಗೆ ಹತ್ತಿರದಲ್ಲಿರುವ ದೊಡ್ಡ ಮಳೆ ಮರವನ್ನು ಸುರಕ್ಷಿತವಾಗಿ ತೆಗೆಸುವುದು ಹೇಗೆ?

ಹಳೆಮನೆ_ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿರುವ ನಮ್ಮ ಹೆಂಚಿನ ಮನೆಯ ಹಿತ್ತಲಿನಲ್ಲಿ, ಗೋಡೆಯಿಂದ ಸುಮಾರು 12 ಅಡಿ ದೂರದಲ್ಲಿ, ಒಂದು ದೊಡ್ಡ ಮಳೆ ಮರವಿದೆ. ಎದೆಮಟ್ಟದಲ್ಲಿ ಅದರ ಸುತ್ತಳತೆ 11 ಅಡಿ. ಎತ್ತರ 60 ಅಡಿಯಷ್ಟಿರಬಹುದು. ಎರಡು ಭಾರಿ ಕೊಂಬೆಗಳು ಅಡ್ಡಡ್ಡವಾಗಿ ಮನೆಯ ಮಾಡಿನ ಮೇಲೆಯೇ ಚಾಚಿಕೊಂಡಿವೆ. ಕಳೆದ ಮಳೆಗಾಲದ ನಂತರ ಕಾಂಡದ ಬುಡದಲ್ಲಿ ಕಂದು ಬಣ್ಣದ, ಗಟ್ಟಿಯಾದ, ತಟ್ಟೆಯಾಕಾರದ ಅಣಬೆಗಳು ಕಾಣಿಸಿಕೊಂಡಿವೆ. ಮರ ಮೊದಲಿಗಿಂತ ಮನೆಯ ಕಡೆಗೆ ಹೆಚ್ಚು ವಾಲಿದಂತಿದೆ, ವಾಲಿದ ದಿಕ್ಕಿನ ಹಿಂಬದಿಯಲ್ಲಿ ನೆಲ ಸ್ವಲ್ಪ ಉಬ್ಬಿ ಬಿರುಕು ಬಿಟ್ಟಿದೆ. ಇದರ ನೆರಳಿನಲ್ಲಿಯೇ ನಾವು ಬೆಳೆದವರಾದ್ದರಿಂದ ತೆಗೆಸಲು ಮನಸ್ಸಿಲ್ಲ, ಆದರೆ ಏಪ್ರಿಲ್ ಮತ್ತು ಮೇ ತಿಂಗಳ ಅಡ್ಡಮಳೆಯ ಗಾಳಿಯನ್ನು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಇಬ್ಬರು ಗುತ್ತಿಗೆದಾರರು ಬಂದು ನೋಡಿದ್ದಾರೆ. ತುದಿಗೆ ಹಗ್ಗ ಕಟ್ಟಿ, ಜೆಸಿಬಿಯಿಂದ ಹಿತ್ತಲಿನ ಖಾಲಿ ಜಾಗದ ಕಡೆಗೆ ಎಳೆದು, ಬುಡದಲ್ಲಿ ಕೊಯ್ದು ಅರ್ಧ ದಿನದಲ್ಲಿ ಮುಗಿಸುವುದಾಗಿ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಮರ ಹತ್ತಿ, ಮೇಲಿನಿಂದ ತುಂಡು ತುಂಡಾಗಿ ಕೊಯ್ದು, ಹಗ್ಗದಲ್ಲಿ ಇಳಿಸುವುದಾಗಿ ಹೇಳಿ ಮೂರು ಪಟ್ಟಿಗಿಂತ ಹೆಚ್ಚು ಹಣ ಕೇಳುತ್ತಿದ್ದಾರೆ. ನಮ್ಮ ಓಣಿಯ ಅಗಲ 9 ಅಡಿ ಮಾತ್ರ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಕೊಂಬೆಗಳ ನಡುವೆಯೇ ಹಾದುಬಂದಿದೆ. ಈ ಇಬ್ಬರ ಮಾತಿನಲ್ಲಿ ಯಾವುದನ್ನು ನಂಬಬೇಕು, ಕೆಲಸ ಒಪ್ಪಿಸುವ ಮೊದಲು ಏನೇನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಹಗ್ಗ_ಗರಗಸ

ನಮಸ್ಕಾರ. ಮರಗಳ ಆರೈಕೆ ಮತ್ತು ತೆರವು ನನ್ನ ವೃತ್ತಿ. ಉಳಿಸಬಹುದಾದ ಮರವನ್ನು ಉಳಿಸುವುದೇ ಈ ವೃತ್ತಿಯ ಮೊದಲ ಕೆಲಸವಾದ್ದರಿಂದ, ಕೊಂಬೆಗಳನ್ನು ಸವರಿ ಭಾರ ಇಳಿಸಿದರೆ ಸಾಕೇ ಎಂದು ಮೊದಲು ನೋಡುತ್ತೇನೆ. ನೀವು ವಿವರಿಸಿದ ಲಕ್ಷಣಗಳಲ್ಲಿ ಅಣಬೆಯೊಂದೇ ಇದ್ದಿದ್ದರೆ ಆ ಮಾತನ್ನೇ ಹೇಳುತ್ತಿದ್ದೆ. ಆದರೆ ವಾಲಿಕೆ ಹೆಚ್ಚುತ್ತಿರುವುದು ಮತ್ತು ಹಿಂಬದಿಯ ನೆಲ ಉಬ್ಬಿ ಬಿರಿದಿರುವುದು ಬೇರುಗಳ ಹಿಡಿತ ಸಡಿಲವಾಗುತ್ತಿರುವುದರ ಗುರುತು. ಮನೆಯ ಕಡೆಗೇ ವಾಲಿರುವ ಇಂತಹ ಮರವನ್ನು ತೆಗೆಯಬೇಕು ಎಂಬ ನಿಮ್ಮ ನಿರ್ಧಾರ ಸರಿಯಾಗಿದೆ. ಅಲ್ಲಿಯವರೆಗೆ ಗಾಳಿಮಳೆಯ ರಾತ್ರಿಗಳಲ್ಲಿ ಆ ಬದಿಯ ಕೋಣೆಗಳಲ್ಲಿ ಯಾರೂ ಮಲಗಬಾರದು.

ಜೆಸಿಬಿಯಿಂದ ಎಳೆಯುವ ಮಾತಿಗೆ ದಯವಿಟ್ಟು ಒಪ್ಪಬೇಡಿ. ಮರವನ್ನು ಬುಡದಲ್ಲಿ ಕೊಯ್ದು ಬೀಳಿಸುವಾಗ, ಬೀಳಬೇಕಾದ ದಿಕ್ಕಿನಲ್ಲಿ ಬೆಣೆಯಾಕಾರದ ಕಚ್ಚು ಹಾಕಿ, ಎದುರು ಬದಿಯಿಂದ ಕೊಯ್ದು, ನಡುವೆ ವ್ಯಾಸದ ಹತ್ತನೆಯ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಉಳಿಸುತ್ತಾರೆ. ಉಳಿದ ಆ ಪಟ್ಟಿಯೇ ಬಾಗಿಲಿನ ಕೀಲಿನಂತೆ ಮಡಚಿಕೊಂಡು ಮರಕ್ಕೆ ದಿಕ್ಕು ಕೊಡುತ್ತದೆ. ಬುಡ ಕೊಳೆತಿದ್ದರೆ ಈ ಪಟ್ಟಿ ಮಡಚಿಕೊಳ್ಳುವ ಬದಲು ಪುಡಿಯಾಗುತ್ತದೆ, ಆಗ ಮರ ತನ್ನ ಭಾರ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ನಿಮ್ಮ ಮರದ ಭಾರವೆಲ್ಲ ಹೆಂಚಿನ ಮಾಡಿನ ಕಡೆಗಿದೆ. ಯಂತ್ರದ ಚಾಲಕನಿಗೆ ಹಗ್ಗದ ಬಿಗಿತ ಕೈಗೆ ಗೊತ್ತಾಗುವುದಿಲ್ಲ. ಹಗ್ಗ ಮರದ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಯಂತ್ರವೇ ಮರದ ಕೆಳಗೆ ಸಿಗುತ್ತದೆ, ಬಿಗಿದ ಹಗ್ಗ ತುಂಡಾದರೆ ಅದರ ತುದಿಯ ಹೊಡೆತಕ್ಕೆ ಸಿಕ್ಕವರು ಉಳಿಯುವುದು ಕಷ್ಟ. ಬೀಳಿಸುವ ಮರದ ಸುತ್ತ ಅದರ ಎತ್ತರದ ಎರಡರಷ್ಟು ದೂರದೊಳಗೆ ಕೆಲಸಕ್ಕೆ ಸಂಬಂಧವಿಲ್ಲದ ಯಾರೂ ಇರಬಾರದೆಂಬುದು ವೃತ್ತಿಯ ನಿಯಮ. 120 ಅಡಿ ಎಂದರೆ ನಿಮ್ಮ ಮನೆಯೂ ನೆರೆಯವರ ಮನೆಗಳೂ ಅದರೊಳಗೆ ಬರುತ್ತವೆ.

ಹಾಗೆಂದು ಎರಡನೆಯವರ ವಿಧಾನವನ್ನು ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ. ಕಟ್ಟಡದ ಪಕ್ಕದ ಮರವನ್ನು ಮೇಲಿನಿಂದ ತುಂಡು ತುಂಡಾಗಿ ಇಳಿಸುವುದೇ ಸರಿಯಾದ ದಾರಿ. ಆದರೆ ಆ ಕೆಲಸದಲ್ಲಿ ಹತ್ತಿದ ಮನುಷ್ಯನ ಭಾರವನ್ನೂ ಇಳಿಯುವ ತುಂಡಿನ ಭಾರವನ್ನೂ ಹೊರುವುದು ಅದೇ ಮರ. ಬೇರು ಸಡಿಲವಾದ, ಬುಡ ಟೊಳ್ಳಾದ ಮರ ಆ ಹೊರೆಯನ್ನು ತಾಳುತ್ತದೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆದ್ದರಿಂದ ಅವರನ್ನು ಮೊದಲು ಕೇಳಬೇಕಾದದ್ದು ಹಣದ ವಿಷಯವನ್ನಲ್ಲ. ಇಳಿಸುವ ತುಂಡಿನ ಭಾರ ಎಲ್ಲಿ ಬೀಳುತ್ತದೆ, ಹತ್ತುವವನ ಸುರಕ್ಷತಾ ಹಗ್ಗ ಯಾವುದಕ್ಕೆ ಕಟ್ಟಿರುತ್ತದೆ ಎಂಬುದನ್ನು ಕೇಳಿ. ಬುಡವನ್ನು ಮರದ ಸುತ್ತಿಗೆಯಿಂದ ಸುತ್ತಲೂ ಬಡಿದು, ಸದ್ದು ಎಲ್ಲೆಲ್ಲಿ ಬೊಳ್ಳೆನ್ನುತ್ತದೆ ಎಂದು ಗುರುತು ಹಾಕಿ ತೋರಿಸಲು ಹೇಳಿ. ಅದನ್ನು ಮಾಡದೆಯೇ ಬೆಲೆ ಹೇಳಿದವರು ಮರವನ್ನು ಇನ್ನೂ ನೋಡಿಲ್ಲ ಎಂದೇ ಅರ್ಥ.

ಭಾರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅನಾಹುತಗಳು ಹೆಚ್ಚಾಗಿ ಇಲ್ಲಿಯೇ ಆಗುತ್ತವೆ. ಹಸಿ ಮರ ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ ಎಂದು ಇಟ್ಟುಕೊಂಡರೆ, 60 ಸೆಂಟಿಮೀಟರ್ ವ್ಯಾಸದ, ಒಂದು ಮೀಟರ್ ಉದ್ದದ ದಿಮ್ಮಿ 280 ಕಿಲೋ ಆಗುತ್ತದೆ. ಕಾಂಡದ ತುದಿಯನ್ನು ಕೊಯ್ಯುವಾಗ ರಾಟೆಯನ್ನು ಕೊಯ್ತದ ಕೆಳಗೆ ಕಟ್ಟಬೇಕಾಗುವುದರಿಂದ, ತುಂಡು ಮೊದಲು ಮಗುಚಿ ಬಿದ್ದು ಆಮೇಲೆ ಹಗ್ಗಕ್ಕೆ ಸಿಗುತ್ತದೆ. ಅದು ಒಂದೂವರೆ ಮೀಟರ್ ಬಿದ್ದು, ಹಗ್ಗದ 30 ಸೆಂಟಿಮೀಟರ್ ಹಿಗ್ಗುವಿಕೆಯಲ್ಲಿ ನಿಂತಿತೆಂದರೆ ಹಗ್ಗದ ಮೇಲಿನ ಸರಾಸರಿ ಬಲವೇ ತೂಕದ ಆರು ಪಟ್ಟು, ಅಂದರೆ 1,700 ಕಿಲೋ ತೂಕಕ್ಕೆ ಸಮ. ಗರಿಷ್ಠ ಬಲ ಇನ್ನೂ ಹೆಚ್ಚು. ಹಗ್ಗದ ಎರಡೂ ಎಳೆಗಳು ರಾಟೆಯನ್ನು ಕೆಳಕ್ಕೆ ಎಳೆಯುವುದರಿಂದ ಕಾಂಡದ ಮೇಲೆ ಬೀಳುವ ಬಲ ಇದರ ಇಮ್ಮಡಿಯ ಹತ್ತಿರ ಬರುತ್ತದೆ. ಅದೇ ತುಂಡನ್ನು ಕೆಳಗಿರುವವರು ತಟ್ಟನೆ ಬಿಗಿಯದೆ, ಹಗ್ಗವನ್ನು ಹರಿಯಬಿಟ್ಟು ಮೂರು ಮೀಟರ್ ಉದ್ದಕ್ಕೂ ಮೆಲ್ಲನೆ ತಡೆದರೆ ಸರಾಸರಿ ಬಲ ತೂಕದ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಹೀಗೆ ತಡೆಯುವುದಕ್ಕಾಗಿಯೇ ಬುಡಕ್ಕೆ ಲೋಹದ ಉರುಳೆಯೊಂದನ್ನು ಬಿಗಿದು, ಅದಕ್ಕೆ ಹಗ್ಗವನ್ನು ಕೆಲವು ಸುತ್ತು ಸುತ್ತಿ, ಘರ್ಷಣೆಯಿಂದ ಹಿಡಿತ ಪಡೆಯುತ್ತಾರೆ. ನಾಲ್ಕು ಜನ ಬರಿಗೈಯಲ್ಲಿ ಹಗ್ಗ ಹಿಡಿದು ನಿಲ್ಲುವುದು ಇದಕ್ಕೆ ಬದಲಿಯಲ್ಲ.

ಹಗ್ಗಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ತಯಾರಕರು ಹೇಳಿದ ತುಂಡಾಗುವ ಬಲದ ಹತ್ತನೆಯ ಒಂದು ಭಾಗವನ್ನು ಮಾತ್ರ ಕೆಲಸದ ಭಾರವೆಂದು ಹಿಡಿಯಬೇಕು, ಏಕೆಂದರೆ ಗಂಟು ಹಾಕಿದ ಕಡೆ ಹಗ್ಗದ ಶಕ್ತಿಯ ದೊಡ್ಡ ಪಾಲು ಕುಗ್ಗುತ್ತದೆ. ಅಂಗಡಿಯಲ್ಲಿ ತೂಕದ ಮೇಲೆ ಮಾರುವ, ಯಾವ ಗುರುತೂ ಇಲ್ಲದ ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಬರುವುದಿಲ್ಲ. ಹತ್ತುವವನ ಹಗ್ಗವೇ ಬೇರೆ, ಭಾರ ಇಳಿಸುವ ಹಗ್ಗವೇ ಬೇರೆ ಇರಬೇಕು.

ನಿಮ್ಮ ಮಾಡಿನ ಮೇಲಿರುವ ಕೊಂಬೆಗಳ ವಿಷಯಕ್ಕೆ ಬಂದರೆ, ಮಳೆ ಮರದ ಅಡ್ಡ ಕೊಂಬೆ ಬಲು ಉದ್ದವಾಗಿ ಚಾಚಿರುತ್ತದೆ, ತುದಿಯ ಸೊಪ್ಪಿನ ಭಾರವೇ ಅದನ್ನು ಬುಡದಲ್ಲಿ ಹರಿಯಲು ಹೊಂಚುತ್ತಿರುತ್ತದೆ. ಅದನ್ನು ಕಾಂಡದ ಬಳಿ ಒಂದೇ ಸಲ ಕೊಯ್ದರೆ ಸಿಪ್ಪೆಯ ಜೊತೆಗೆ ಕಾಂಡವೂ ಸೀಳಿ ಬರಬಹುದು. ತುದಿಯಿಂದ ಒಳಗೆ, ಕೈಯಿಂದ ಎತ್ತಿಕೊಡಬಹುದಾದಷ್ಟು ಸಣ್ಣ ತುಂಡುಗಳನ್ನು ತೆಗೆಯುತ್ತ ಬರಬೇಕು. ದಪ್ಪ ಭಾಗ ತಲುಪಿದ ಮೇಲೆ ಅದರ ಬುಡಕ್ಕೂ ತುದಿಗೂ ಎರಡು ಹಗ್ಗ ಕಟ್ಟಿ, ಕೊಯ್ಯುವ ಮೊದಲೇ ಹಗ್ಗಗಳನ್ನು ಬಿಗಿದುಕೊಂಡು, ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳದೆ ಹಗ್ಗದಲ್ಲಿ ತೂಗುತ್ತದೆ. ಅದನ್ನು ಮೂರನೆಯ ಹಗ್ಗದಿಂದ ಮಾಡಿನ ಆಚೆಗೆ ತಿರುಗಿಸಿಕೊಳ್ಳಬಹುದು. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಎರಡನೆಯವರು ಹೆಚ್ಚು ಹಣ ಕೇಳಿದ್ದರ ಕಾರಣ ಬಹುಪಾಲು ಇಲ್ಲಿದೆ.

ಜನರ ಬಗ್ಗೆಯೂ ಕೇಳಿ. ಚೈನ್ ಸಾ ಚಾಲೂ ಇರುವಾಗ ಹತ್ತಿದವನು ಎರಡು ಕಡೆ ಕಟ್ಟಿಕೊಂಡಿರುತ್ತಾನೆಯೇ? ಹೆಲ್ಮೆಟ್, ಕಣ್ಣು ಕಿವಿಗಳ ರಕ್ಷಣೆ, ಗರಗಸದ ಸರಪಳಿಯನ್ನು ತಡೆಯುವ ಕಾಲುಡುಗೆ ಇವೆಯೇ? ಏಣಿಯ ಮೇಲೆ ನಿಂತು, ಭುಜಕ್ಕಿಂತ ಎತ್ತರದಲ್ಲಿ ಒಂದೇ ಕೈಯಿಂದ ಗರಗಸ ಹಿಡಿಯುವವರಾದರೆ ಅವರನ್ನು ಕಳುಹಿಸಿಬಿಡಿ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲಿರುವವನಿಗೆ ಗಾಯವಾದರೆ ಅವನನ್ನು ಇಳಿಸಿಕೊಂಡು ಬರಬಲ್ಲ ಇನ್ನೊಬ್ಬ ಹತ್ತುವವನು ಅದೇ ದಿನ ಅದೇ ಜಾಗದಲ್ಲಿ ಇರುತ್ತಾನೆಯೇ ಎಂದು ಕೇಳಿ. ಪ್ರಜ್ಞೆ ತಪ್ಪಿ ಸೊಂಟದ ಪಟ್ಟಿಯಲ್ಲಿ ನೇತಾಡುವ ಮನುಷ್ಯನಿಗೆ ಉಳಿದಿರುವುದು ನಿಮಿಷಗಳು ಮಾತ್ರ. ಅಗ್ನಿಶಾಮಕ ದಳ ಬರುವವರೆಗೆ ಕಾಯಲಾಗುವುದಿಲ್ಲ. ಕೆಲಸಗಾರರಿಗೆ ಅಪಘಾತ ವಿಮೆ ಇದೆಯೇ ಎಂಬುದನ್ನು ಕಾಗದ ನೋಡಿಯೇ ಖಚಿತಪಡಿಸಿಕೊಳ್ಳಿ.

ಮರದ ಮೇಲೆ ಹೆಜ್ಜೇನು ಕಟ್ಟಿದೆಯೇ ಎಂದು ಹಿಂದಿನ ದಿನ ದುರ್ಬೀನಿನಿಂದ ನೋಡಿಸಿ. ಗರಗಸದ ಸದ್ದಿಗೂ ಅದುರಿಗೂ ಹೆಜ್ಜೇನು ಎದ್ದರೆ, ಹಗ್ಗದಲ್ಲಿ ಕಟ್ಟಿಕೊಂಡಿರುವವನಿಗೆ ಓಡಲು ದಾರಿಯಿರುವುದಿಲ್ಲ.

ಲೈನ್_ಕ್ಲಿಯರ್

ನಾನು ವಿದ್ಯುತ್ ವಿತರಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಸರ್ವಿಸ್ ವೈರ್ ಬಗ್ಗೆ ಮಾತ್ರ ಬರೆಯುತ್ತೇನೆ.

ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆಯೆಂದು ಧೈರ್ಯ ಮಾಡಬೇಡಿ. ಹಲವು ವರ್ಷಗಳ ಬಿಸಿಲಿಗೆ ಅದು ಬಿರಿದಿರುತ್ತದೆ, ಕೊಂಬೆ ಉಜ್ಜಿದ ಕಡೆ ಪೂರಾ ಸವೆದೂ ಇರಬಹುದು. ಹಸಿ ಕೊಂಬೆ ಮತ್ತು ಒದ್ದೆ ಹಗ್ಗ ಎರಡರಲ್ಲಿಯೂ ವಿದ್ಯುತ್ ಹರಿಯುತ್ತದೆ. ಹೆಸ್ಕಾಂ ಶಾಖಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಕೆಲಸದ ದಿನಗಳಿಗೆ ಸರ್ವಿಸ್ ವೈರನ್ನು ಕಂಬದಲ್ಲಿಯೇ ಬಿಚ್ಚಿಸಿ, ಸುತ್ತಿ ತೆಗೆದಿಡಿಸಿ. ಓಣಿಯಲ್ಲಿ ಹಾದುಹೋಗುವ ಲೈನ್ ಕೂಡ ಕೊಂಬೆಗಳಿಗೆ ಹತ್ತಿರವಿದ್ದರೆ ಆ ಲೈನಿಗೂ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ವಿದ್ಯುತ್ ಕಡಿತಗೊಳಿಸಿ ಲೈನಿನ ಬಳಿ ಕೆಲಸ ಮಾಡಲು ಕೊಡುವ ಅನುಮತಿ) ತೆಗೆದುಕೊಳ್ಳಬೇಕಾಗುತ್ತದೆ. ಎಲ್‌ಸಿಯನ್ನು ಇಲಾಖೆಯ ಸಿಬ್ಬಂದಿಯೊಬ್ಬರು ತಮ್ಮ ಹೆಸರಿನಲ್ಲಿ ಪಡೆದು, ಲೈನ್ ಸತ್ತಿದೆಯೆಂದು ಪರೀಕ್ಷಿಸಿ, ಅರ್ಥಿಂಗ್ ಮಾಡಿ, ಜಾಗದಲ್ಲಿಯೇ ಇರಬೇಕು. ಲೈನ್ ಆಫ್ ಮಾಡಿದ್ದೇವೆ ಎಂದು ಯಾರೋ ಫೋನಿನಲ್ಲಿ ಹೇಳಿದ ಮಾತಿನ ಮೇಲೆ ಮನುಷ್ಯನನ್ನು ಮರ ಹತ್ತಿಸಬಾರದು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕರೆಂಟ್ ಹೋದ ಕೂಡಲೇ ಅಕ್ಕಪಕ್ಕದ ಅಂಗಡಿಯವರೋ ಮನೆಯವರೋ ಜನರೇಟರ್ ಹಚ್ಚುತ್ತಾರೆ. ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ ಸರಿಯಾಗಿಲ್ಲದಿದ್ದರೆ ಆ ವಿದ್ಯುತ್ ಹಿಮ್ಮುಖವಾಗಿ ಲೈನಿಗೆ ಬರುತ್ತದೆ. ಅರ್ಥಿಂಗ್ ಮಾಡಲೇಬೇಕು ಎನ್ನುವುದು ಇದೇ ಕಾರಣಕ್ಕೆ. ಓಣಿಯ ಎಲ್ಲ ಮನೆಗಳಿಗೂ ಹಿಂದಿನ ದಿನವೇ ತಿಳಿಸಿಡಿ.

ಹಸಿರು_ಕಡತ

ಅನುಮತಿಯ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೆಯ ಪ್ರಕರಣದ ಪ್ರಕಾರ, ಮರ ನಿಮ್ಮ ಸ್ವಂತ ಹಿತ್ತಲಿನಲ್ಲಿದ್ದರೂ ಕಡಿಯುವ ಮೊದಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮಳೆ ಮರಕ್ಕೆ ಆ ವಿನಾಯಿತಿ ಇಲ್ಲ. ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡುವ ಮರ ಎಂಬುದು ಕಾಯ್ದೆಯೇ ಒಪ್ಪಿಕೊಂಡಿರುವ ಕಾರಣವಾದ್ದರಿಂದ, ಅಣಬೆ, ನೆಲದ ಬಿರುಕು ಮತ್ತು ವಾಲಿಕೆಯ ಫೋಟೊಗಳನ್ನು ಅರ್ಜಿಯ ಜೊತೆಗೆ ಲಗತ್ತಿಸಿ, ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಅಧಿಕಾರಿಗಳು ಸ್ಥಳ ಪರಿಶೀಲನೆ ಮಾಡುತ್ತಾರೆ, ಬದಲಿಗೆ ಸಸಿ ನೆಡುವ ಷರತ್ತು ಹಾಕುತ್ತಾರೆ. ಗುತ್ತಿಗೆದಾರರು ತಾವೇ ನೋಡಿಕೊಳ್ಳುವುದಾಗಿ ಹೇಳಿದರೂ ಅನುಮತಿ ಪತ್ರ ಕೈಗೆ ಬರುವವರೆಗೆ ಒಂದು ಕೊಂಬೆಗೂ ಗರಗಸ ತಾಗಬಾರದು. ದಿಮ್ಮಿಗಳನ್ನು ಸಾಗಿಸಲು ಬೇರೆ ಪತ್ರ ಬೇಕೇ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ.

ಹಳೆಮನೆ_ಧಾರವಾಡ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅರ್ಜಿ ಸಲ್ಲಿಸಿದ್ದೇವೆ. ಜೆಸಿಬಿಯವರಿಗೆ ಬೇಡವೆಂದು ತಿಳಿಸಿದ್ದೇವೆ. ಎರಡನೆಯವರನ್ನು ಮತ್ತೆ ಕರೆಸಿ ನೀವು ಹೇಳಿದ ಪ್ರಶ್ನೆಗಳನ್ನು ಕೇಳಿದೆ. ಅವರು ಬುಡವನ್ನು ಬಡಿದು ನೋಡಿ, ಮನೆಯ ಕಡೆಯ ಭಾಗ ಗಟ್ಟಿಯಾಗಿದೆ, ಹಿಂಬದಿಯ ಅರ್ಧದಷ್ಟು ಟೊಳ್ಳಾಗಿದೆ ಎಂದರು. ಹಿಂದಿನ ನಿವೇಶನ ಖಾಲಿ ಇದೆ, ಅದರ ಮಾಲೀಕರು ಕ್ರೇನ್ ನಿಲ್ಲಿಸಲು ಒಪ್ಪಿದ್ದಾರೆ. ಕ್ರೇನ್ ಬಂದರೆ ಮರದ ಮೇಲೆ ಹೊರೆ ಹಾಕುವ ಅಗತ್ಯವಿಲ್ಲ ಎನ್ನುತ್ತಾರೆ. ಇದು ಸರಿಯೇ?

ಇನ್ನೆರಡು ಸಂದೇಹಗಳಿವೆ. ಮೋಟನ್ನು ಬೇರುಸಹಿತ ಕಿತ್ತುಹಾಕಬೇಕೇ? ನಮ್ಮದು ಎರೆಮಣ್ಣಿನ ಜಾಗ. ಮನೆಯನ್ನು 1958ರಲ್ಲಿ ಕಟ್ಟಿದ್ದು, ಮರ ಅದರ ನಂತರ ನೆಟ್ಟದ್ದು. ಆದರೆ ಮರದ ಕಡೆಗಿರುವ ಹಿಂದಿನ ಕೋಣೆಯನ್ನು 1994ರಲ್ಲಿ ಸೇರಿಸಿದೆವು. ಮರ ತೆಗೆದರೆ ಆ ಕೋಣೆಯ ಅಡಿಪಾಯಕ್ಕೆ ತೊಂದರೆಯಾಗುತ್ತದೆ ಎಂದು ಸಂಬಂಧಿಕರೊಬ್ಬರು ಹೆದರಿಸುತ್ತಿದ್ದಾರೆ.

ಅಡಿಪಾಯ_ಎಂಜಿನಿಯರ್

ನಿಮ್ಮ ಸಂಬಂಧಿಕರ ಮಾತಿನಲ್ಲಿ ಹುರುಳಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ದೊಡ್ಡ ಮರವೊಂದು ತನ್ನ ಬೇರುಗಳ ಹರವಿನಷ್ಟು ಮಣ್ಣಿನಿಂದ ವರ್ಷವಿಡೀ ನೀರನ್ನು ಹೀರುತ್ತಿರುವುದರಿಂದ ಅಲ್ಲಿನ ಮಣ್ಣು ಕುಗ್ಗಿದ ಸ್ಥಿತಿಯಲ್ಲಿರುತ್ತದೆ. ಮರ ಹೋದ ಮೇಲೆ ತೇವ ನಿಧಾನವಾಗಿ ಮರಳಿ ಬಂದು ಮಣ್ಣು ಉಬ್ಬತೊಡಗುತ್ತದೆ, ಇದು ಹಲವು ವರ್ಷ ನಡೆಯಬಹುದು.

ಮರ ನೆಡುವ ಮೊದಲೇ ಕಟ್ಟಿದ ಭಾಗಕ್ಕೆ ಭಯ ಕಡಿಮೆ, ಏಕೆಂದರೆ ಆ ಮಣ್ಣು ಕಟ್ಟಡ ಕಟ್ಟಿದಾಗ ಇದ್ದ ಸ್ಥಿತಿಗೇ ಮರಳುತ್ತದೆ. ಮರ ಬೆಳೆದ ಮೇಲೆ, ಅದಾಗಲೇ ಕುಗ್ಗಿದ್ದ ಮಣ್ಣಿನ ಮೇಲೆ ಕಟ್ಟಿದ ಭಾಗಕ್ಕೆ ಮಾತ್ರ ಮಣ್ಣು ಅಡಿಯಿಂದ ಎತ್ತುವ ಅಪಾಯವಿರುತ್ತದೆ. ನಿಮ್ಮ ಮನೆಯಲ್ಲಿ 1994ರ ಕೋಣೆ ಈ ಸಾಲಿಗೆ ಸೇರುತ್ತದೆ. ಹಾಗೆಂದು ಬೀಳುವ ಮರವನ್ನು ಅಲ್ಲಿಯೇ ಬಿಡಲು ಬರುವುದಿಲ್ಲ. ಆ ಕೋಣೆಯ ಅಡಿಪಾಯ ಎಷ್ಟು ಆಳವಿದೆ ಎಂಬುದನ್ನು ಗೋಡೆಯ ಪಕ್ಕದಲ್ಲಿ ಸಣ್ಣ ಗುಂಡಿ ತೋಡಿಸಿ ನೋಡಿಸಿ. ಈಗ ಇರುವ ಬಿರುಕುಗಳ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ, ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯನ್ನು ಪಿಒಪಿಯಿಂದ ಅಂಟಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಮಾಡಿನ ನೀರು ಆ ಮೂಲೆಯಲ್ಲಿ ಇಂಗದಂತೆ ಕೊಳವೆಯಿಂದ ದೂರ ಸಾಗಿಸಿ, ಮಣ್ಣು ಒಮ್ಮೆಲೇ ತೋಯುವುದು ತಪ್ಪುತ್ತದೆ. ಕನಿಷ್ಠ ಎರಡು ಮಳೆಗಾಲ ಕಳೆಯುವವರೆಗೆ ಆ ಕೋಣೆಯ ಗಾರೆ ಮತ್ತು ಬಣ್ಣದ ಕೆಲಸಕ್ಕೆ ಹಣ ಹಾಕಬೇಡಿ.

ಹಗ್ಗ_ಗರಗಸ

ಮೇಲಿನ ಉತ್ತರವನ್ನು ಓದಿ ನನಗೂ ಸಮಾಧಾನವಾಯಿತು. ಮೋಟಿನ ಬಗ್ಗೆ ನಾನು ಹೇಳಬೇಕೆಂದಿದ್ದುದಕ್ಕೆ ಅದು ಹೊಂದುತ್ತದೆ. ಬೇರುಸಹಿತ ಕೀಳಿಸಬೇಡಿ. 12 ಅಡಿ ದೂರದ ಮರದ ಬೇರುಗಳು ಆ ಕೋಣೆಯ ಅಡಿಗೆ ಹೋಗಿಯೇ ಇರುತ್ತವೆ. ಯಂತ್ರದಿಂದ ಎಳೆದರೆ ಅಡಿಪಾಯದ ಕಲ್ಲುಗಳೂ ಒಳಚರಂಡಿಯ ಕೊಳವೆಯೂ ಅಲುಗುತ್ತವೆ. ನೆಲಮಟ್ಟಕ್ಕೆ ಕೊಯ್ದು ಬಿಟ್ಟರೆ ಸಾಕು, ಚಿಗುರು ಬಂದಾಗಲೆಲ್ಲ ಮುರಿಯುತ್ತಿದ್ದರೆ ಕಾಲಕ್ರಮದಲ್ಲಿ ತಾನೇ ಕೊಳೆಯುತ್ತದೆ.

ಕ್ರೇನ್ ತರುವ ಯೋಚನೆ ಸರಿಯಾಗಿದೆ. ಗಟ್ಟಿ ಭಾಗ ಮನೆಯ ಕಡೆ, ಟೊಳ್ಳು ಹಿಂಬದಿಯ ಕಡೆ ಎಂದ ಮೇಲೆ, ಎಳೆತವನ್ನು ತಾಳಿ ಮರವನ್ನು ಹಿಡಿದಿರಬೇಕಾದ ಕಡೆಯೇ ಬಲವಿಲ್ಲ ಎಂದಾಯಿತು. ಹಾಗಾಗಿ ಮರಕ್ಕೆ ರಾಟೆ ಕಟ್ಟಿ ಭಾರ ಇಳಿಸುವುದು ಬೇಡವೇ ಬೇಡ. ಆದರೆ ಕ್ರೇನ್ ಎತ್ತುವ ಸಾಮರ್ಥ್ಯ ಅದರ ತೋಳು ಚಾಚಿದಷ್ಟೂ ಕಡಿಮೆಯಾಗುತ್ತದೆ. ಬುಡದ ಹತ್ತಿರ ಹಲವು ಟನ್ ಎತ್ತುವ ಯಂತ್ರ ದೂರಕ್ಕೆ ಚಾಚಿದಾಗ ಕೆಲವು ನೂರು ಕಿಲೋ ಮಾತ್ರ ಎತ್ತಬಹುದು. ಚಾಲಕರ ಬಳಿ ಇರುವ ಲೋಡ್ ಚಾರ್ಟ್ ನೋಡಿ, ಮನೆಯ ಮಾಡಿನ ಮೇಲಿರುವ ಅತಿ ದೂರದ ತುಂಡಿಗೆ ಎಷ್ಟು ತೂಕ ಸಿಗುತ್ತದೆ ಎಂದು ಮೊದಲೇ ಬರೆದುಕೊಂಡು, ಅದರ ಅರ್ಧಕ್ಕಿಂತ ದೊಡ್ಡ ತುಂಡನ್ನು ಕೊಯ್ಯದಂತೆ ಒಪ್ಪಂದ ಮಾಡಿಕೊಳ್ಳಿ. ಕೊಯ್ದ ಮೇಲೆ ತೂಕ ಹೆಚ್ಚಾಯಿತೆಂದರೆ ಅದನ್ನು ಮರಕ್ಕೆ ಮರಳಿ ಅಂಟಿಸಲಾಗುವುದಿಲ್ಲ. ಎರೆಮಣ್ಣಿನ ಮೇಲೆ ಕ್ರೇನಿನ ಕಾಲುಗಳು ಹೂತುಹೋಗದಂತೆ ದಪ್ಪ ಹಲಗೆ ಅಥವಾ ಉಕ್ಕಿನ ತಟ್ಟೆ ಹಾಸಿಸಬೇಕು, ಮಳೆ ಬಿದ್ದ ಮಾರನೆಯ ದಿನ ಕೆಲಸಕ್ಕೆ ಇಳಿಯಬಾರದು.

ಹತ್ತುವವನು ಈ ಮರಕ್ಕೆ ಕಟ್ಟಿಕೊಳ್ಳುವ ಬದಲು, ಬಕೆಟ್ ಇರುವ ಲಿಫ್ಟ್ ವಾಹನ ಆ ನಿವೇಶನಕ್ಕೆ ಬರುವಂತಿದ್ದರೆ ಅದರಿಂದಲೇ ಕೆಲಸ ಮಾಡಲಿ. ಅದು ಸಿಗದಿದ್ದರೆ, ಹತ್ತುವ ಮೊದಲು ಕಾಂಡದ ಮೇಲ್ಭಾಗದಿಂದ ಹಿಂದಿನ ನಿವೇಶನದ ಕಡೆಗೆ, ವಾಲಿಕೆಗೆ ವಿರುದ್ಧ ದಿಕ್ಕಿನಲ್ಲಿ, ಗಟ್ಟಿಯಾದ ಆಧಾರಗಳಿಗೆ ಎರಡು ಹಗ್ಗ ಬಿಗಿಸಿ ಮರವನ್ನು ಹಿಡಿದಿಡಬೇಕು. ತೆಳು ದಾರಕ್ಕೆ ಸಣ್ಣ ಭಾರದ ಚೀಲ ಕಟ್ಟಿ ಕೊಂಬೆಯ ಮೇಲಿಂದ ಎಸೆದು, ಆ ದಾರದಿಂದ ಹಗ್ಗವನ್ನು ನೆಲದಲ್ಲಿ ನಿಂತೇ ಮೇಲೇರಿಸಬಹುದು. ಬಿಗಿಯುವಾಗ ಮರವನ್ನು ನೆಟ್ಟಗೆ ಮಾಡಲು ಹೋಗಬಾರದು, ಇದ್ದಲ್ಲಿಯೇ ನಿಲ್ಲಿಸುವಷ್ಟು ಬಿಗಿತ ಸಾಕು.

ಹಿತ್ತಲಿನಲ್ಲಿ ನೀರಿನ ಸಂಪ್, ಸೆಪ್ಟಿಕ್ ಟ್ಯಾಂಕ್ ಮತ್ತು ಕೊಳವೆಗಳು ಎಲ್ಲಿವೆ ಎಂಬುದನ್ನು ನೀವು ಮಾತ್ರ ಹೇಳಬಲ್ಲಿರಿ. ಕೆಲಸದ ಹಿಂದಿನ ದಿನ ಅವುಗಳ ಮೇಲೆ ಸುಣ್ಣದಿಂದ ಗುರುತು ಹಾಕಿಡಿ, ಆ ಗುರುತಿನ ಮೇಲೆ ದಿಮ್ಮಿಯನ್ನೂ ಇಳಿಸಬಾರದು, ಕ್ರೇನಿನ ಕಾಲನ್ನೂ ಊರಬಾರದು.